ಸೊನ್ನೆ ಹುಡುಕಿದ್ದು ಯಾರು? ಒಂದು ಇಂಟರ್ನ್‌ಶಿಪ್ ಪ್ರಕರಣ

ಇದು 2024ರ ಜನವರಿಯಿಂದ ಜೂನ್‌ವರೆಗೆ ನನ್ನ ಕಣ್ಣೆದುರೇ ನಡೆದದ್ದು. ಆಗ ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಎಂಜಿನಿಯರ್. ಇಬ್ಬರು ಇಂಟರ್ನ್‌ಗಳಿಗೆ ಮೆಂಟರ್ ಅಂತ ನನ್ನ ಹೆಸರು ಹಾಕಿದ್ದರು. ಕಂಪನಿಯ ಹೆಸರು ಬೇಡ, ಮಕ್ಕಳ ಹೆಸರೂ ಬೇಡ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಇಬ್ಬರೂ ಇದನ್ನು ಓದಿದ್ದಾರೆ. ಹುಡುಗ ಒಂದು ಕಡೆ "ಇದು ಹೀಗಲ್ಲ" ಅಂದ. ಅದನ್ನು ಅಲ್ಲಿಯೇ ಹೇಳಿದ್ದೇನೆ.

ಐದು ಜನ, ಎರಡು ಸೀಟು

ಆ ವರ್ಷ ಐಟಿ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಕಮ್ಮಿ ಮಾಡಿದ್ದವು. ಹಾಗಾಗಿ ಕೊನೆಯ ಸೆಮಿಸ್ಟರ್‌ನ ಇಂಟರ್ನ್‌ಶಿಪ್ ಅಂದರೆ ಮಕ್ಕಳಿಗೆ ಬರೀ ಸರ್ಟಿಫಿಕೇಟಿನ ವಿಷಯ ಆಗಿರಲಿಲ್ಲ. ಆರು ತಿಂಗಳು ಚೆನ್ನಾಗಿ ಕೆಲಸ ಮಾಡಿದರೆ ಪಿಪಿಒ ಸಿಗುತ್ತದೆ, ಅಂದರೆ ಓದು ಮುಗಿಯುವಷ್ಟರಲ್ಲಿ ಕೆಲಸ ಕೈಯಲ್ಲಿರುತ್ತದೆ. ನಮ್ಮಲ್ಲಿಗೆ ಐದು ಜನ ಬಂದಿದ್ದರು. ಮೊದಲ ದಿನವೇ ನಮ್ಮ ಮ್ಯಾನೇಜರ್ ಕಾನ್ಫರೆನ್ಸ್ ರೂಮಿನಲ್ಲಿ ನಗುನಗುತ್ತಾ ಹೇಳಿದರು: "ಸೀಟು ಎರಡು. ಬೆಸ್ಟ್ ಇಬ್ಬರಿಗೆ."

ಬೆಸ್ಟ್ ಅಂದರೆ ಯಾವುದರಲ್ಲಿ, ಅಳೆಯುವವರು ಯಾರು, ಅದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮ್ಯೂಸಿಕಲ್ ಚೇರ್ ಆಡಿದವರಿಗೆ ಗೊತ್ತಿರುತ್ತದೆ, ಆಟ ಶುರುವಾದ ಮೇಲೆ ಯಾರೂ ಕುರ್ಚಿ ನೋಡುವುದಿಲ್ಲ, ಪಕ್ಕದವನ ಕಾಲು ನೋಡುತ್ತಿರುತ್ತಾರೆ. ಉದ್ಯೋಗಿಗಳನ್ನು ಹೀಗೆ ಸಾಲಾಗಿ ನಿಲ್ಲಿಸಿ ನಂಬರ್ ಕೊಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಒಂದೇ ತಂಡದವರು ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ ಅನ್ನುವ ದೂರು ಅಲ್ಲಿ ವರ್ಷಗಟ್ಟಲೆ ಇತ್ತು. ನಾವು ಅದನ್ನೇ ಇಪ್ಪತ್ತೊಂದು ವರ್ಷದ ಮಕ್ಕಳ ಮೇಲೆ ಹೊಸದಾಗಿ ಶುರು ಮಾಡಿದ್ದೆವು.

ನನ್ನ ಪಾಲಿಗೆ ಬಂದವರಲ್ಲಿ ಒಬ್ಬಳು ತಿಪಟೂರು ಕಡೆಯ ಹುಡುಗಿ. ಅಪ್ಪನಿಗೆ ತೆಂಗಿನ ತೋಟ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಮಾರತಹಳ್ಳಿಯಲ್ಲಿ ಪಿಜಿ, ಒಂದು ರೂಮಿಗೆ ಮೂರು ಜನ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು ಅಂತ ಹೇಳಿದರೂ ಆರು ತಿಂಗಳೂ ನನ್ನನ್ನು "ಸರ್" ಅಂತಲೇ ಕರೆದಳು. ಇನ್ನೊಬ್ಬ ಜಯನಗರದ ಹುಡುಗ. ಮೊದಲ ದಿನವೇ ನನ್ನ ಹೆಸರು ಹಿಡಿದು ಕರೆದ, ಎರಡನೇ ದಿನ ಮ್ಯಾನೇಜರ್ ಹೆಸರನ್ನೂ. ಇಂಗ್ಲಿಷ್ ನೀರು ಕುಡಿದ ಹಾಗೆ. ಮನೆಯಲ್ಲಿ ಕನ್ನಡವೇ, ಹಾಗಾಗಿ ಅವರಿಬ್ಬರ ನಡುವೆ ಮಾತೆಲ್ಲ ಕನ್ನಡದಲ್ಲಿ, ನೀನು-ತಾನು ಅಂತ. ಮೊದಲ ತಿಂಗಳು ಇಬ್ಬರೂ ಒಟ್ಟಿಗೇ ಊಟಕ್ಕೆ ಹೋಗುತ್ತಿದ್ದರು. ಅವಳು ಪಿಜಿಯ ಚಪಾತಿ ಬೈಯುವುದು, ಇವನು 500ಡಿ ಬಸ್ಸಿನ ರಶ್ ಬೈಯುವುದು.

ರಾತ್ರಿ 11:52

ಕೆಲಸ ಇಷ್ಟೇ. ಯಾವ ಖಾತೆಗೆ ಎಷ್ಟು ದುಡ್ಡು ಹೋಯಿತು ಅಂತ ಬ್ಯಾಂಕಿನಿಂದ ದಿನಾ ಒಂದು ಫೈಲ್ ಬರುತ್ತದೆ. ನಮ್ಮ ಕಡೆ ನಮ್ಮದೇ ಲೆಕ್ಕ ಇರುತ್ತದೆ. ಎರಡನ್ನೂ ಇಟ್ಟು ತಾಳೆ ನೋಡಬೇಕು. ಅಂಗಡಿಯವರು ರಾತ್ರಿ ಗಲ್ಲಾ ಎಣಿಸಿ ಚೀಟಿ ಜೊತೆ ತಾಳೆ ನೋಡುತ್ತಾರಲ್ಲ, ಅದೇ. ಬ್ಯಾಂಕಿನ ಫೈಲ್ ಬೆಳಗ್ಗೆ ನಾವು ಬರುವಷ್ಟರಲ್ಲಿ ತಾನಾಗಿ ಬಂದು ಕೂತಿರುತ್ತಿತ್ತು. ತಾಳೆ ನೋಡುವ ಭಾಗ ಹುಡುಗಿಗೆ ಕೊಟ್ಟೆ. ಫೈಲ್ ಓದಿ ಫಲಿತಾಂಶವನ್ನು ಸ್ಕ್ರೀನಿನಲ್ಲಿ ತೋರಿಸುವುದು, ಸ್ಲೈಡು, ಡೆಮೋ ಹುಡುಗನಿಗೆ.

ಮಾರ್ಚ್ ಮೊದಲ ವಾರ ಡೆಮೋ. ಹಿಂದಿನ ರಾತ್ರಿ ಎಲ್ಲ ಜೋಡಿಸಿ ನೋಡಿದರೆ 300 ಸಾಲಿನಲ್ಲಿ 41 ಹೊಂದುತ್ತಲೇ ಇಲ್ಲ. ಹುಡುಗ ಚಾಟ್‌ನಲ್ಲಿ "ಸತ್ತೆ ಕಣೇ" ಅಂತ ಹಾಕಿದ್ದ. ಅವಳು ಪಿಜಿಯಲ್ಲಿ ಲೈಟ್ ಆರಿಸಿದ ಮೇಲೆ ಹೊದಿಕೆಯೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ 41 ಸಾಲು ಒಂದೊಂದಾಗಿ ನೋಡಿದಳು. ಎಲ್ಲದರಲ್ಲೂ ಒಂದೇ ಗುಣ. ಬ್ಯಾಂಕಿನ ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತದೆ. ಪ್ರೋಗ್ರಾಂ ಅದನ್ನು ಅಂಕಿ ಅಂತ ಓದಿ, ಶುರುವಿನ ಸೊನ್ನೆಗಳನ್ನು ಬಿಸಾಡಿಬಿಡುತ್ತಿದೆ. 0034 ಅಂತ ಇರುವುದು 34 ಆದರೆ ಲೆಕ್ಕದಲ್ಲಿ ಬೆಲೆ ಒಂದೇ, ಖಾತೆ ಮಾತ್ರ ಬೇರೆ. ಸಂಖ್ಯೆಯನ್ನು ಅಕ್ಷರದ ಹಾಗೆ ಓದಿ, ಆಯಾ ಬ್ಯಾಂಕಿನ ಉದ್ದಕ್ಕೆ ಸೊನ್ನೆ ತುಂಬುವ ಒಂದು ಫಂಕ್ಷನ್, ಅಂದರೆ ಕೋಡಿನ ಒಂದು ತುಣುಕು, ಬರೆದಳು. ಅದು ಸರಿಯಾಗಿ ಓಡುತ್ತದಾ ಅಂತ ನೋಡುವ ಪರೀಕ್ಷೆಗಳೂ ಸೇರಿ 40 ಸಾಲು. 11:52ಕ್ಕೆ ಚಾಟ್‌ನಲ್ಲೇ ಕಳಿಸಿದಳು: "ಇದು ಹಾಕ್ಕೋ, ಸರಿ ಹೋಗುತ್ತೆ." ಅವನಿಂದ ಮೂರು ಕೈಮುಗಿದ ಇಮೋಜಿ.

ಅವನು ಹಾಕಿಕೊಂಡ. ಸರಿ ಹೋಯಿತು. ಅವನ ಲ್ಯಾಪ್‌ಟಾಪ್‌ನಿಂದ, ಅವನ ಹೆಸರಿನಲ್ಲಿ ಕಮಿಟ್ ಆಯಿತು, ಅಂದರೆ ತಂಡದ ಕೋಡಿಗೆ ಸೇರಿತು.

ಮರುದಿನ ಡೆಮೋದಲ್ಲಿ ಅವನು ಸೊನ್ನೆಯ ಕಥೆಯನ್ನು ಚೆನ್ನಾಗಿಯೇ ಹೇಳಿದ, ಕೊನೆಯಲ್ಲಿ "ಐ ಫಿಕ್ಸ್ಡ್ ಇಟ್ ಲಾಸ್ಟ್ ನೈಟ್" ಅಂದ. ಅವನು "ಇದು ಹೀಗಲ್ಲ" ಅಂದದ್ದು ಇಲ್ಲಿಯೇ. ತಾನು ಅಂದದ್ದು "ವಿ" ಅಂತ, "ಐ" ಅಲ್ಲ ಅಂತ ಈಗಲೂ ಹೇಳುತ್ತಾನೆ. ನನಗೆ "ಐ" ಅಂತ ನೆನಪು, ಅವಳಿಗೂ ಹಾಗೇ. ರೆಕಾರ್ಡಿಂಗ್ ಇಲ್ಲ. ಮ್ಯಾನೇಜರ್ "ಗ್ರೇಟ್ ಕ್ಯಾಚ್!" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅವಳೂ ತಟ್ಟಿದಳಂತೆ. ಅದನ್ನು ಆಮೇಲೆ ಅವಳೇ ಹೇಳಿದ್ದು. ತಾನು ತಟ್ಟಿದ್ದಕ್ಕೇ ಜಾಸ್ತಿ ಸಂಕಟ ಆಯಿತಂತೆ.

ಐದು ವಾರ

ಜಗಳ ಏನೂ ಆಗಲಿಲ್ಲ. ಆಗಿದ್ದರೆ ನನಗೂ ಗೊತ್ತಾಗುತ್ತಿತ್ತು. ಅವಳು ಊಟಕ್ಕೆ ಬೇರೆ ಹೊತ್ತಿಗೆ ಹೋಗತೊಡಗಿದಳು. ಚಾಟ್‌ನಲ್ಲಿ ಅವನು ಏನಾದರೂ ಕೇಳಿದರೆ ಮೂರು ತಾಸು ಬಿಟ್ಟು "ನೋಡ್ತೀನಿ" ಅಂತ ಉತ್ತರ. ತನ್ನ ಕೋಡನ್ನು ಕೊನೇ ಗಳಿಗೆವರೆಗೆ ತನ್ನ ಲ್ಯಾಪ್‌ಟಾಪ್‌ನಲ್ಲೇ ಇಟ್ಟುಕೊಂಡಿರುತ್ತಿದ್ದಳು. ರಾತ್ರಿ ಒಂಬತ್ತೂವರೆಯವರೆಗೆ ಆಫೀಸು. ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ (ಎಲ್ಲರೂ ಸೇರಿ ತಮ್ಮ ತಮ್ಮ ಕೆಲಸ ಹೇಳುವ ಚಿಕ್ಕ ಮೀಟಿಂಗ್) ಮಾತ್ರ ಅವಳ ವರದಿ ಇನ್ನೂ ಚಿಕ್ಕದಾಯಿತು: "ಸೇಮ್ ಟಾಸ್ಕ್, ಕಂಟಿನ್ಯೂಯಿಂಗ್." ಅವನು ಇದನ್ನೆಲ್ಲ ಗಮನಿಸಿದ, ಕಾರಣ ಹೊಳೆಯಲಿಲ್ಲ. ಇವಳು ಏನೋ ದೊಡ್ಡದು ಮಾಡುತ್ತಿದ್ದಾಳೆ, ಮುಚ್ಚಿಡುತ್ತಿದ್ದಾಳೆ ಅಂದುಕೊಂಡ. ಮ್ಯಾನೇಜರ್ ಕಾಫಿಗೆ ಏಳುವ ಹೊತ್ತಿಗೆ ತಾನೂ ಏಳಲು ಶುರು ಮಾಡಿದ.

ಏಪ್ರಿಲ್ ಎರಡನೇ ವಾರ ಒಂದು ತಮಾಷೆ ನಡೆಯಿತು. ವರದಿಯನ್ನು ಡೌನ್‌ಲೋಡ್ ಮಾಡುವ ಬಟನ್ ಬೇಕಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದು ವಾರ ಕೂತು ಅದನ್ನೇ ಮಾಡಿದರು. ಒಂದೇ ಬಟನ್ ಎರಡು ಸಲ ಹುಟ್ಟಿತು. ನಾನು ನಕ್ಕು, "ಮಾತಾಡ್ಕೊಳ್ರಪ್ಪ ಸ್ವಲ್ಪ" ಅಂದೆ. ಮೆಂಟರ್ ಆಗಿ ನಾನು ಅಷ್ಟು ದಿನದಲ್ಲಿ ಮಾಡಿದ್ದು ಅಷ್ಟು.

ಅದೇ ವಾರ ಮಿಡ್-ಟರ್ಮ್ ಮೌಲ್ಯಮಾಪನ. ಒಂದು ಹಾಳೆ, ಆರು ಕಾಲಂ, ಒಂದರಿಂದ ಐದು ಅಂಕ. ಅವಳಿಗೆ ನಾನು ಸಂವಹನದಲ್ಲಿ 3 ಕೊಟ್ಟೆ. ಸರಿ. ಆದರೆ ಮುಂದಿನ ಕಾಲಂಗಳಲ್ಲೂ ಕೈ 3ರ ಹತ್ತಿರವೇ ಓಡಾಡಿತು: ಹೊಣೆಗಾರಿಕೆ 3, ಸಮಸ್ಯೆ ಬಿಡಿಸುವುದು 3. ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಮನಶ್ಶಾಸ್ತ್ರಜ್ಞ 1920ರಲ್ಲೇ ಇದನ್ನು ಹಿಡಿದಿದ್ದ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕ ನೋಡಿದ. ಮೈಕಟ್ಟಿಗೆ ಒಳ್ಳೆ ಅಂಕ ಬಿದ್ದರೆ ಬುದ್ಧಿಗೂ ಬೀಳುತ್ತಿತ್ತು, ನಡತೆಗೂ ಬೀಳುತ್ತಿತ್ತು. ಒಂದು ಗುಣದ ಬೆಳಕೋ ನೆರಳೋ ಉಳಿದೆಲ್ಲದರ ಮೇಲೆ ಹರಡುತ್ತದೆ. ಇದನ್ನು ನಾನು ಓದಿದ್ದೆ. ಒಂದು ಟ್ರೈನಿಂಗ್‌ನಲ್ಲಿ ಬೇರೆಯವರಿಗೆ ಹೇಳಿಯೂ ಇದ್ದೆ! ಹಾಳೆಯ ಕೊನೆಗೆ ಷರಾ ಬರೆದೆ: "ಇನ್ನಷ್ಟು ಪ್ರೊಆಕ್ಟಿವ್ ಆಗಬೇಕು."

ಮಾರನೇ ದಿನ ಅವಳು ನನ್ನ ಡೆಸ್ಕಿನ ಹತ್ತಿರ ಬಂದು ನಿಂತಳು. ಕೈಯಲ್ಲಿ ಆ ಹಾಳೆಯ ಪ್ರಿಂಟ್.

"ಸರ್, ಪ್ರೊಆಕ್ಟಿವ್ ಅಂದ್ರೆ ಏನ್ ಮಾಡ್ಬೇಕು ಸರ್?"

ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಬಾಮ್ಮ, ಟೀ ಕುಡಿಯೋಣ" ಅಂದೆ.

ಎರಡು ಚೀಟಿ

ಆಫೀಸಿನ ಎದುರು ಮೆಟ್ರೋ ಕೆಲಸದ ಬ್ಯಾರಿಕೇಡ್ ಪಕ್ಕ ಒಂದು ಟೀ ಅಂಗಡಿ. ಅಲ್ಲಿ ನಿಂತು ಎಲ್ಲ ಹೇಳಿದಳು, ಅಳದೆ, ಲೋಟ ನೋಡುತ್ತಾ. ಫೋನಿನಲ್ಲಿ 11:52ರ ಮೆಸೇಜ್ ತೋರಿಸಿದಳು. "ನಾನು ಕಂಪ್ಲೇಂಟ್ ಮಾಡ್ತಿಲ್ಲ ಸರ್. ಕೆಲಸ ಮಾಡಿದ್ರೆ ಸಾಕು, ಅದೇ ಮಾತಾಡುತ್ತೆ ಅಂತ ಅಪ್ಪ ಹೇಳ್ತಿದ್ರು. ಅದು ಮಾತಾಡ್ಲಿಲ್ಲ."

ನನಗೆ ಮೊದಲು ಬಂದ ಯೋಚನೆ: ಹುಡುಗನನ್ನು ಕರೆದು ಝಾಡಿಸಬೇಕು. ಹಾಗೆ ಮಾಡಲಿಲ್ಲ, ಒಳ್ಳೆಯದಾಯಿತು. ಸಂಜೆ ಅವನನ್ನು ಕರೆದು ಸುಮ್ನೆ "ಹೇಗಿದೆ ಎಲ್ಲ?" ಅಂತ ಕೇಳಿದೆ. ಅವನು ಶುರು ಮಾಡಿದ್ದು ಬೇರೆಯೇ. "ನಿಮಗೆ ಅವಳ ಮೇಲೆ ನಂಬಿಕೆ. ತಲೆ ಓಡಿಸೋ ಕೆಲಸ ಎಲ್ಲ ಅವಳಿಗೆ. ನನಗೆ ಸ್ಲೈಡು. ಆರು ತಿಂಗಳು ಕಳೆದ್ಮೇಲೆ ಇಂಟರ್‌ವ್ಯೂನಲ್ಲಿ ಏನು ಮಾಡ್ದೆ ಅಂತ ಕೇಳಿದ್ರೆ ಪಿಪಿಟಿ ಮಾಡ್ದೆ ಅನ್ಲಾ?" ಮನೆಯಲ್ಲಿ ಅವನ ಓದಿಗೆ ಲೋನ್ ಇದೆ ಅಂತ ಆಗಲೇ ಗೊತ್ತಾಗಿದ್ದು. ಜಯನಗರ ಅಂದ ಕೂಡಲೇ ನಾನು ಬೇರೆ ಏನೋ ಅಂದುಕೊಂಡಿದ್ದೆ.

ಅಂದರೆ ಇಬ್ಬರಿಗೂ ತಾನೇ ಮೂಲೆಗುಂಪು, ಇನ್ನೊಬ್ಬರೇ ಮುದ್ದಿನವರು. ಸೊನ್ನೆಯ ವಿಷಯ ಕೇಳಿದರೆ ಅವನು ನಿಜವಾಗಿ ಗಲಿಬಿಲಿಗೊಂಡ. "ಅವಳೇ ಹಾಕ್ಕೋ ಅಂದಿದ್ದಲ್ವಾ?" ಅವನಿಗೆ ಅದು ಸ್ನೇಹದಲ್ಲಿ ಕೊಟ್ಟ ಸಹಾಯ, ಪೆನ್ನು ಕೊಟ್ಟ ಹಾಗೆ. ಪರೀಕ್ಷೆಯಲ್ಲಿ ಪೆನ್ನು ಕೊಟ್ಟವರ ಹೆಸರನ್ನು ಉತ್ತರ ಪತ್ರಿಕೆಯಲ್ಲಿ ಬರೆಯುತ್ತೇವಾ? ಅವಳ ಲೆಕ್ಕದಲ್ಲಿ ತಾನು ಕೊಟ್ಟದ್ದು ಪೆನ್ನಲ್ಲ, ಉತ್ತರ.

ಇಬ್ಬರಿಗೂ ಬೇರೆ ಬೇರೆಯಾಗಿ ಒಂದೊಂದು ಚೀಟಿ ಕೊಟ್ಟೆ. ಡೆಮೋವರೆಗಿನ ಇಡೀ ಕೆಲಸದಲ್ಲಿ ನಿನ್ನ ಪಾಲು ನೂರಕ್ಕೆ ಎಷ್ಟು, ಬರಿ. ಅವಳು 65 ಬರೆದಳು. ಅವನು 60. ಒಟ್ಟು 125. ನನಗೆ ಆಶ್ಚರ್ಯ ಆಗಲಿಲ್ಲ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡತಿಯರನ್ನು ಹೀಗೇ ಕೇಳಿದ್ದರು, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ. ಕೂಡಿದರೆ ಹೆಚ್ಚಿನವರದ್ದು ಪೂರ್ತಿಗಿಂತ ಜಾಸ್ತಿ ಬಂತು. ಸುಳ್ಳು ಹೇಳುತ್ತಿದ್ದರು ಅಂತಲ್ಲ. ತಾನು ತೊಳೆದ ಪಾತ್ರೆ ನೆನಪಿರುತ್ತದೆ, ಇನ್ನೊಬ್ಬರು ತೊಳೆದದ್ದು ಅಷ್ಟು ನೆನಪಿರುವುದಿಲ್ಲ. ಎರಡೂ ಚೀಟಿಯನ್ನು ಇಬ್ಬರ ಎದುರಿಗೂ ಇಟ್ಟೆ. ಹುಡುಗ ನಕ್ಕ. ಅವಳು ನಗಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಇದು ಒಂದೇ ಸಲ ಆದದ್ದು, ಅದೂ ಗಡಿಬಿಡಿಯಲ್ಲಿ. ಅವನು ಮತ್ತೆ ಮತ್ತೆ ಹೀಗೆ ಮಾಡಿದ್ದರೆ, ಇಲ್ಲವೇ ಕೇಳಿದಾಗ "ನಾನೇ ಬರೆದದ್ದು" ಅಂತ ವಾದಿಸಿದ್ದರೆ ನಾನು ಚೀಟಿ ಹಿಡಿದು ಕೂರುತ್ತಿರಲಿಲ್ಲ, ಮೆಸೇಜ್ ಸಮೇತ ಮ್ಯಾನೇಜರ್ ಹತ್ತಿರ ಹೋಗುತ್ತಿದ್ದೆ. ಕದ್ದದ್ದನ್ನು ತಪ್ಪು ತಿಳಿವಳಿಕೆ ಅಂತ ಕರೆದು ಹೊಂದಿಸಿಕೊಂಡು ಹೋಗು ಅನ್ನುವುದು ಅನ್ಯಾಯ.

ಮಾಡಿದ್ದು, ಕೈಕೊಟ್ಟಿದ್ದು

ಮೊದಲು ಕೈಕೊಟ್ಟಿದ್ದು ಹೇಳುತ್ತೇನೆ. ಇಬ್ಬರನ್ನೂ ರಾಜಿ ಮಾಡಿಸೋಣ ಅಂತ ಊಟಕ್ಕೆ ಕರೆದುಕೊಂಡು ಹೋದೆ. ಮುಕ್ಕಾಲು ಗಂಟೆ ಮೂವರೂ ಬಿರಿಯಾನಿ ಬಗ್ಗೆ ಮಾತಾಡಿದೆವು. ಅವಳು ಸಸ್ಯಾಹಾರಿ.

ಕೆಲಸ ಹಂಚುವ ಬಗೆ ಬದಲಿಸಿದ್ದು ಫಲ ಕೊಟ್ಟಿತು. ತಾಳೆ ನೋಡುವ ಕೆಲಸದ ಅರ್ಧವನ್ನು ಹುಡುಗನಿಗೆ ಕೊಟ್ಟೆ. ಮುಂದಿನ ಡೆಮೋದಲ್ಲಿ ತನ್ನ ಭಾಗವನ್ನು ಅವಳೇ ತೋರಿಸಬೇಕು ಅಂತ ಹೇಳಿದೆ. ಆರು ನಿಮಿಷ. ಅವಳು ಮೊದಲು ನನ್ನೆದುರು ಕನ್ನಡದಲ್ಲಿ ಹೇಳಿದಳು, ಏನೂ ತಡವರಿಸದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಲ. ಡೆಮೋದಲ್ಲಿ ಎರಡು ಕಡೆ ನಿಂತಳು, ನೀರು ಕುಡಿದಳು, ಮುಗಿಸಿದಳು. ಸ್ಟ್ಯಾಂಡ್‌ಅಪ್‌ನಲ್ಲಿ ಮಾತಾಡುವ ಮೊದಲು ಎಲ್ಲರೂ ಎರಡು ಸಾಲು ಬರೆದು ಹಾಕಬೇಕು ಅಂತ ಮಾಡಿದೆ. ಇದು ಅವಳಿಗಾಗಿ ಮಾಡಿದ್ದು. ಇನ್ನೂ ಮೂರು ಜನ ಸೀನಿಯರ್‌ಗಳು ಇದರಿಂದ ಹಾಯಾಗಿ ಉಸಿರುಬಿಟ್ಟರು ಅಂತ ಆಮೇಲೆ ಗೊತ್ತಾಯಿತು.

ಕಮಿಟ್ ವಿಷಯಕ್ಕೂ ಒಂದು ದಾರಿ ಇತ್ತು. ಯಾರು ಯಾವ ಕೋಡ್ ಸೇರಿಸಿದರು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಗಿಟ್, ಆ ಕೋಡನ್ನು ಇಡುವ ಜಾಲತಾಣ ಗಿಟ್‌ಹಬ್. ಗಿಟ್‌ನಲ್ಲಿ ಕೋಡ್ ಸೇರಿಸುವಾಗ ಬರೆಯುವ ಟಿಪ್ಪಣಿಯ ಕೊನೆಗೆ "ಕೋ-ಆಥರ್ಡ್-ಬೈ" ಅಂತ ಒಂದು ಸಾಲು ಹಾಕಿದರೆ ಗಿಟ್‌ಹಬ್‌ನಲ್ಲಿ ಇಬ್ಬರ ಹೆಸರೂ ಕಾಣುತ್ತದೆ. ಒಂದೇ ಸಾಲು. ನಮ್ಮ ತಂಡದಲ್ಲಿ ಯಾರೂ ಹಾಕುತ್ತಿರಲಿಲ್ಲ. ನೌಕರಿ ಗಟ್ಟಿಯಾಗಿರುವವರಿಗೆ ಅದರ ಅಗತ್ಯ ಬೀಳುವುದಿಲ್ಲ ನೋಡಿ.

ಆದರೆ ಮುಖ್ಯವಾದ ಎರಡು ಕೆಲಸ ಅವಳೇ ಮಾಡಿದ್ದು. ಒಂದು, ಅವನಿಗೆ ನೇರವಾಗಿ ಹೇಳಿದಳು: "ಆ ಫಂಕ್ಷನ್ ನಾನು ಬರೆದಿದ್ದು. ಡೆಮೋದಲ್ಲಿ ನನ್ನ ಹೆಸರು ಹೇಳಬೇಕಿತ್ತು." ಅವನು, "ಹೌದು, ಹೇಳಬೇಕಿತ್ತು. ಸಾರಿ ಕಣೇ." ಲಿಫ್ಟ್ ಎದುರು, ಎರಡು ನಿಮಿಷದಲ್ಲಿ ಮುಗಿಯಿತಂತೆ. ನಾನು ಅಲ್ಲಿರಲಿಲ್ಲ. ಅವನು ಹೇಳುವ ಪ್ರಕಾರ ಸಾರಿ ಮೊದಲು ಬಂತು, ಅವಳ ಮಾತು ಆಮೇಲೆ.

ಎರಡನೆಯದು ಶುಕ್ರವಾರದ ಮೇಲ್. ಸಂಜೆ ಐದಕ್ಕೆ ನನಗೆ, ಮ್ಯಾನೇಜರ್‌ಗೆ ಪ್ರತಿ. ಮೊದಲ ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ:

"ಈ ವಾರ: ಎರಡು ಬ್ಯಾಂಕಿನ ಫೈಲ್‌ಗೆ ತಾಳೆ ನೋಡುವುದು ಮುಗಿದಿದೆ. ಹೊಂದದ ಸಾಲು 41ರಿಂದ 2ಕ್ಕೆ ಇಳಿದಿದೆ. ಆ ಎರಡು ಯಾಕೆ ಅಂತ ಗೊತ್ತಿಲ್ಲ. ಸೋಮವಾರ ನೋಡುತ್ತೇನೆ. ದಿನಾಂಕದ ತೊಂದರೆ ಬಿಡಿಸಲು ಅವನು ಸಹಾಯ ಮಾಡಿದ."

ಕೊನೆಯ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತನ್ನನ್ನು ತಾನೇ ಹೊಗಳಿಕೊಂಡ ಹಾಗೆ ಆಗಲ್ವಾ ಅಂತ ಅವಳಿಗೆ ಮೊದಲು ಅಳುಕಿತ್ತು. ಅದನ್ನು ಅವಳೇ ತನ್ನ ಊರಿನ ಲೆಕ್ಕದಲ್ಲಿ ಬಿಡಿಸಿಕೊಂಡಳು. ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡಲು ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಡುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕಾಯಿ ಎತ್ತಿ ಅಲ್ಲಾಡಿಸಬೇಕು, ಗಡಗಡ ಅಂದರೆ ಕೊಬ್ಬರಿ ಆಗಿದೆ ಅಂತ. "ಅಪ್ಪ ಅದನ್ನ ಜಂಬ ಅನ್ನಲ್ಲ ಸರ್. ವಾರಕ್ಕೊಂದು ಸಲ ಅಲ್ಲಾಡಿಸ್ತೀನಿ, ಅಷ್ಟೇ."

ಅವರಿಬ್ಬರೂ ಮತ್ತೆ ಮೊದಲಿನ ಹಾಗೆ ಆದರಾ? ಇಲ್ಲ. ಕೆಲಸದ ಮಟ್ಟಿಗೆ ಸರಿಹೋಯಿತು. ಊಟಕ್ಕೆ ಒಟ್ಟಿಗೆ ಹೋಗಿದ್ದನ್ನು ನಾನು ನೋಡಲಿಲ್ಲ.

ನಾನು ಆ ಮೌಲ್ಯಮಾಪನದ ಹಾಳೆ ತಿದ್ದಬೇಕು ಅಂತ ಎಚ್‌ಆರ್‌ಗೆ ಬರೆದೆ. ಸಿಸ್ಟಂ ಲಾಕ್ ಆಗಿದೆ ಅಂದರು. ಕೊನೆಯ ಮೌಲ್ಯಮಾಪನದಲ್ಲಿ ಈ ಸಲ ನೆನಪಿನಿಂದ ಬರೆಯದೆ, ಕೋಡ್ ರಿವ್ಯೂ, ಶುಕ್ರವಾರದ ಮೇಲ್, ಚಾಟ್ ಎಲ್ಲ ತೆರೆದಿಟ್ಟುಕೊಂಡು ಬರೆದೆ. ಅವಳಿಗೆ ಸಮಸ್ಯೆ ಬಿಡಿಸುವುದರಲ್ಲಿ 5. ಅವನಿಗೆ 4.

ಜೂನ್

ಜೂನ್ ಮೂರನೇ ವಾರ ಮೇಲಿನಿಂದ ಸುದ್ದಿ ಬಂತು. ಬಜೆಟ್ ಇಲ್ಲ, ಎರಡು ಸೀಟು ಒಂದಾಗಿದೆ. ನನ್ನ ಇಬ್ಬರ ಎದೆ ಹೊಡೆದುಕೊಂಡದ್ದು ನನಗೆ ಕೇಳಿಸುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು.

ಸೀಟು ಇಬ್ಬರಿಗೂ ಸಿಗಲಿಲ್ಲ. ಐದು ಜನರಲ್ಲಿ ಮೂರನೆಯವನೊಬ್ಬನಿಗೆ ಸಿಕ್ಕಿತು.

ಲಿಯಾನ್ ಫೆಸ್ಟಿಂಗರ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲಿ ಬರೆದ ಮಾತು ಇದು: ಮನುಷ್ಯ ತನ್ನ ಮಟ್ಟಕ್ಕೆ ಹತ್ತಿರದವರ ಜೊತೆಗೇ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಟಾಟಾ ಬಿರ್ಲಾ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಪಕ್ಕದ ಮನೆಯವನ ಕಾರಿನ ಮೇಲೆ ಇದೆ. ಈ ಇಬ್ಬರು ಆರು ತಿಂಗಳು ಒಬ್ಬರನ್ನೊಬ್ಬರು ನೋಡುತ್ತಾ ಕೂತರು. ನಾನು ಅವರಿಬ್ಬರನ್ನು ನೋಡುತ್ತಾ ಕೂತೆ.

ಹುಡುಗಿಗೆ ಆಗಸ್ಟ್‌ನಲ್ಲಿ ಬೇರೆ ಕಡೆ ಕೆಲಸ ಸಿಕ್ಕಿತು. ಇಂಟರ್‌ವ್ಯೂನಲ್ಲಿ ಸೊನ್ನೆಯ ಕಥೆಯನ್ನೇ ಹೇಳಿದೆ ಅಂತ ಫೋನ್ ಮಾಡಿದ್ದಳು. ಹುಡುಗನಿಗೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಅವನೂ ಅದೇ ಕಥೆ ಹೇಳಿದನೋ ಏನೋ, ನಾನು ಕೇಳಲಿಲ್ಲ.

ಮೂರನೆಯವನು ಜುಲೈನಲ್ಲಿ ಪೂರ್ಣಾವಧಿಗೆ ಸೇರಿದ. ಮೊದಲ ದಿನ ನನ್ನ ಡೆಸ್ಕಿಗೆ ಬಂದು, "ಸರ್, ನನ್ನನ್ನ ನಿಮ್ಮ ಟೀಮಿಗೆ ಹಾಕಿದ್ದಾರೆ" ಅಂದ. ಮುಖ ನೋಡಿದ ನೆನಪು. ಪ್ರಿಂಟರ್ ಪಕ್ಕ ಕೂರುತ್ತಿದ್ದ.

"ಇಂಟರ್ನ್‌ಶಿಪ್‌ನಲ್ಲಿ ಏನು ಮಾಡ್ತಾ ಇದ್ರಿ?" ಅಂತ ಕೇಳಿದೆ.

ಅವನಿಗೆ ಸ್ವಲ್ಪ ಮುಜುಗರ ಆಯಿತು, ನನ್ನ ಪರವಾಗಿ.

"ಬ್ಯಾಂಕಿನ ಫೈಲ್ ಸರ್. ದಿನಾ ರಾತ್ರಿ ನಿಮ್ಮ ಟೀಮಿಗೆ ಬರ್ತಿತ್ತಲ್ಲ, ಅದನ್ನ ತಂದು ಹಾಕ್ತಿದ್ದಿದ್ದು ನನ್ನ ಪ್ರೋಗ್ರಾಂ."